ಮಿಸ್ತ್ರಿ ಹೇಳಿದ ಎರಡು ಮಾತು

ಅನಂತಪುರ
ಮಂಗಳವಾರ, ೨೬ ಜುಲೈ ೧೯೯೪

ಸಿಟ್ಟು ಮಾಡಿಕೊಂಡು ಮಿರಜದಲ್ಲಿ ಕುಳಿತಿರುವ ಚಿರಂಜೀವಿ ಬಾಬಾಸಾಹೇಬನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ನಾವೆಲ್ಲ ಆರಾಮ. ಮರಾಠಿ ಸೀಮೆಯ ಶಿರೋಳಕ್ಕೆ ಕೊಟ್ಟ ನಿನ್ನ ಅಕ್ಕ ಮಲಕವ್ವ ಬಾಣಂತನಕ್ಕೆ ಬಂದಿದ್ದಾಳೆ. ಕೂಸು ಗಂಡು, ಹಟಮಾರಿ, ನಿನ್ನ ಹಾಗೆಯೇ. ಹದಿನೈದು ದಿನದಿಂದ ಜಿಟಿಜಿಟಿ ಮಳೆ, ಕೂಸಿನ ಅರಿವೆ ಒಣಗುತ್ತಿಲ್ಲ. ನಿನ್ನ ಮದುವೆಗೆ ಮುಂಚೆ ಕೊಲ್ಹಾಪುರದ ಬಂಗಲೆಯವರಿಂದ ಅರಿವೆ ಒಣಗಿಸುವ ಮಷೀನು ತಂದಿದ್ದೆಯಲ್ಲ, ಅದರ ಹಿಂದಿನ ಪೈಪನ್ನು ಇಲಿ ಕಡಿದುಹಾಕಿತ್ತು. ಮಷೀನು ಹಚ್ಚಿದರೆ ಬಿಸಿ ಉಗಿ ಗೋಡೆಯ ಕಿಂಡಿಯಿಂದ ಹೊರಗೆ ಹೋಗದೆ ಕೋಣೆಯಲ್ಲೇ ತುಂಬಿ, ಒಣಗಿದ ಅರಿವೆಯೂ ಹಸಿಯಾಗುತ್ತಿತ್ತು.

ಹೋದ ಸೋಮವಾರ ನಿಮ್ಮಪ್ಪ ಮಿರಜದಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದರು. ಅವನ ಬಾಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಬಸ್ಸಿಗೆ ಹೊತ್ತಾಯಿತೆಂದು ಹೊಸ ಪೈಪನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟುತ್ತಲೇ “ವಾರಾ ಹೊರಗ ಬಿಡ್ರಿ, ಮಗ ಹಚ್ರಿ” ಎಂದು ಹೇಳಿ ಓಡಿದ.

ನಾನು ಮುಧೋಳದ ಕಡೆಯವಳು. ಇಪ್ಪತ್ತೇಳು ವರ್ಷ ಈ ಗಡಿಯ ಊರಲ್ಲಿದ್ದರೂ ನನ್ನ ಮರಾಠಿ ಬಳೆಗಾರನೊಡನೆ ಜಗಳವಾಡುವಷ್ಟೇ. ಒಂದು ವಾರ ಹೊರಗೆ ಬಿಡಿ, ಮಗನಿಂದ ಹಚ್ಚಿಸಿ ಎಂದು ತಿಳಿದೆ. ಹೊಸ ಪೈಪಿನ ವಾಸನೆ ಹೋಗಲಿಕ್ಕೆ ಇರಬೇಕು ಎಂದು ಹಿತ್ತಲಿನ ಗೂಟಕ್ಕೆ ತೂಗುಹಾಕಿದೆ. ಆದರೆ ಮಗ ಎಂದನಲ್ಲ, ಅದು ತಲೆ ಕೊರೆಯತೊಡಗಿತು. ನನಗೊಬ್ಬ ಮಗನಿದ್ದಾನೆಂದು ಇವನಿಗೆ ಹೇಗೆ ಗೊತ್ತು? ಅವನೂ ಮಿರಜದವನು, ನೀನೂ ಮಿರಜದಲ್ಲಿ. ವಾರ ಬಿಟ್ಟು ಬರುತ್ತೇನೆಂದು ನೀನೇ ಹೇಳಿ ಕಳಿಸಿರಬೇಕು ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಅಲ್ಲ ಅಂದುಬಿಟ್ಟಾರು ಎಂಬ ಅಂಜಿಕೆ.

ನಿನ್ನೆಗೆ ವಾರ ತುಂಬಿತು. ಹೋಳಿಗೆ ಮಾಡಲು ಕುಳಿತೆ. ಯಾರಿಗೆ ಎಂದು ಮಲಕವ್ವ ಕೇಳಿದಳು, ಮಿಸ್ತ್ರಿಯ ಮಾತು ಹೇಳಿದೆ. ಕೂಸನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಎವ್ವಾ, ಮರಾಠ್ಯಾಗ ವಾರಾ ಅಂದ್ರ ಗಾಳಿ ಬೇ. ಮಗ ಅಂದ್ರ ಆಮ್ಯಾಲೆ. ಗಾಳಿ ಹೊರಗ ಹೋಗೂಹಂಗ ಮಾಡಿ ಆಮ್ಯಾಲೆ ಮಷೀನ ಹಚ್ರಿ ಅಂದಾನ ಅಂವಾ” ಎಂದಳು. ನಾನೂ ನಗಬೇಕಾಗಿತ್ತು, ನಗು ಬರಲಿಲ್ಲ. ಹೋಳಿಗೆ ಹಂಚಿನ ಮೇಲೆ ಸೀದುಹೋಯಿತು.

ಹೋದ ವರ್ಷ ಪಂಚಮಿ ಮುಗಿಸಿ ನೀವು ಗಂಡ ಹೆಂಡತಿ ಹೊರಟಾಗ, ಸೋನಾಬಾಯಿ ನನ್ನ ಕಾಲಿಗೆರಗಿ ಏನೆಂದಳು, ನೆನಪಿದೆಯೇ? “ಮಗ ಯೇತೆ” ಎಂದಳು. ಕನ್ನಡ ಬಾರದ ಹುಡುಗಿ; ಯೇತೆ ಎಂದರೆ ಬರುವುದು ಎಂದಷ್ಟೇ ನನಗೆ ಗೊತ್ತು. ನಿನ್ನ ಮಗ ನನ್ನ ಜೊತೆ ಬರುತ್ತಾನೆ, ನೀನು ಇಲ್ಲೇ ಇರು ಎಂದಂತೆ ನನಗೆ ಕೇಳಿಸಿತು. ಮದುವೆಯಾಗಿ ಎರಡು ತಿಂಗಳಾಗಿಲ್ಲ, ಇಷ್ಟು ಸೊಕ್ಕೇ ಎಂದು ಮೈ ಉರಿಯಿತು. ಉಡಿ ತುಂಬಲು ತಂದ ಅಕ್ಕಿ, ಕಾಯಿ ಹಿಡಿದುಕೊಂಡು ಹಾಗೆಯೇ ಒಳಗೆ ಹೋದೆ. ಸೊಸೆ ಬರಿ ಉಡಿಯಲ್ಲಿ ಹೊಸ್ತಿಲು ದಾಟಿದಳು. ಅವಳ ಕಣ್ಣು ತುಂಬಿದ್ದನ್ನು ನೋಡಿಯೂ ನಾನು ತಿರುಗಲಿಲ್ಲ. ಯಾಕೆಂದು ನೀನು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನಿಮ್ಮಪ್ಪನಿಗೂ ಹೇಳಿಲ್ಲ. ಅಂದಿನಿಂದ ನೀನು ಈ ಕಡೆ ಹಾಯಲಿಲ್ಲ.

ಅದರ ಅರ್ಥ “ಆಮೇಲೆ ಬರುತ್ತೇನೆ” ಎಂದು ಮಲಕವ್ವ ಈಗ ಹೇಳುತ್ತಾಳೆ. ಹೋಗುತ್ತೇನೆ ಅನ್ನಬಾರದೆಂದು ಹಾಗೆ ಅನ್ನುತ್ತಾರಂತೆ. ನಾವೂ ಹೋಗಿ ಬರುತ್ತೇನೆ ಎಂದೇ ಅಲ್ಲವೇ ಹೇಳುವುದು! ನನಗೆ ತಲೆ ಕೆಟ್ಟುಹೋಗಿದೆ. ಅವಳು ಅಂದದ್ದೇನು, ನಾನು ಕೇಳಿದ್ದೇನು? ಒಂದು ವರ್ಷ ಯಾವ ಮಾತಿಗೆ ಉರಿದೆ? ಸೋನಾಳನ್ನೇ ಕೇಳಿ ಬರೆ. ಮಲಕವ್ವ ಹೇಳಿದ್ದೇ ನಿಜವಾದರೆ ತಪ್ಪು ನನ್ನದು. ಹಾಗೆಂದು ಅವಳಿಗೆ ಅವಳ ಮಾತಿನಲ್ಲೇ ಹೇಳು.

ಪೈಪು ಇನ್ನೂ ಹಿತ್ತಲಲ್ಲಿ ತೂಗುತ್ತಿದೆ. ಗೋಡೆಗೆ ಕಿಂಡಿ ಕೊರೆದವನು ನೀನು, ಅದರ ಹಿಕಮತ್ತು ಇಲ್ಲಿ ಯಾರಿಗೂ ತಿಳಿಯದು. ಪಂಚಮಿಗೆ ಇಬ್ಬರೂ ಬಂದು ಹಚ್ಚಿಕೊಟ್ಟು ಹೋಗಿರಿ. ಕೂಸು ಹಸಿ ಅರಿವೆಯಲ್ಲಿದೆ.

ನಿನ್ನ ಅವ್ವ,
ಕಸ್ತೂರೆವ್ವ

ತಾ.ಕ.: ಸುಳ್ಳು ಬರೆದು ಪಾಕೀಟು ಅಂಟಿಸಲು ಕೈ ಬರುತ್ತಿಲ್ಲ. ಪೈಪನ್ನು ನಿನ್ನೆ ಸಂಜೆಯೇ ಮಲಕವ್ವ ಹಚ್ಚಿದಳು. ಅರಿವೆ ಒಣಗಿವೆ. ಆದರೂ ಬನ್ನಿ. ಅಂದು ಸೋನಾಳ ಉಡಿಗೆಂದು ತಂದ ಕುಬಸದ ಖಣ ಟ್ರಂಕಿನಲ್ಲೇ ಇದೆ. ಈ ಸಲ ಉಡಿ ತುಂಬುತ್ತೇನೆ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಅವಳು ಅದೇ ಮಾತು ಅನ್ನಲಿ.