ಸೋಸಿದ ನೀರು

ಸಾಗರ,
೧೨ ಜೂನ್ ೧೯೪೧

ಹೊಸನಗರದ ಅಪ್ಪಯ್ಯನವರಿಗೆ, ಮಗಳು ಧರ್ಮಾವತಿ ನಮಸ್ಕರಿಸಿ ಬರೆಯುವುದು.

"ಬೊಂಬಾಯಿ ಅಂದ್ರೆ ಎರಡು ದಿನದ ರೈಲು. ದಾರೀಲಿ ಸೋಸದ ನೀರು ಕುಡಿದು, ಅದ್ರಲ್ಲಿರೋ ಜೀವ ಕೊಂದು ಧರ್ಮ ಕೆಡಿಸ್ಕೊಳ್ತಾಳೆ. ಡಾಕ್ಟರ್ ಓದೋದು ಬ್ಯಾಡ" ಎಂದು ನೀವು ಅಣ್ಣನ ಕೈಲಿ ಹೇಳಿಕಳಿಸಿದ್ದು ತಲುಪಿತು.

ಅಜ್ಜಿ ಶಿಖರ್ಜಿ ಯಾತ್ರೆಗೆ ಐದು ದಿನ ರೈಲಿನಲ್ಲಿ ಹೋದರು. ಆಗ ತಾಮ್ರದ ಬಿಂದಿಗೆ, ನೀರು ಸೋಸುವ ಬಟ್ಟೆ ಕಟ್ಟಿಕೊಟ್ಟವರು ನೀವೇ. ಅವೆರಡನ್ನೂ ಬುಧವಾರದೊಳಗೆ ನನಗೆ ಕಳಿಸಿಕೊಡಿ.

ಕಳಿಸದಿದ್ದರೂ ಗುರುವಾರ ರೈಲು ಹತ್ತುತ್ತೇನೆ. ಹನ್ನೆರಡನೇ ವಯಸ್ಸಿಗೆ ದಶಲಕ್ಷಣ ಪರ್ವದಲ್ಲಿ ಮೂರು ದಿನ ಹನಿ ನೀರೂ ಮುಟ್ಟದೆ ಉಪವಾಸವಿದ್ದೆ. "ನನ್ನ ಮಗಳು ತಡ್ಕೊಂಡ್ಳು" ಎಂದು ಬಸದಿಯಲ್ಲಿ ಎಲ್ಲರೆದುರು ಹೇಳಿದವರು ನೀವು.

ಬೊಂಬಾಯಿ ಎರಡೇ ದಿನ.

ಅದೇ ಮಗಳು,
ಧರ್ಮಾವತಿ