ನೆಲದವರಿಗೆ ನಂಬರಿಲ್ಲ

ಜುಲೈ 9

ಸಾಕ್ಸ್ ಇನ್ನೂ ಹಸಿ. ಮುಂಬಯಿ ಮಳೆಗಾಲದಲ್ಲಿ ಹಾಸ್ಟೆಲಿನಲ್ಲಿ ಯಾವುದೂ ಒಣಗುವುದಿಲ್ಲ. ಹಾಗೇ ಹಾಕಿಕೊಂಡು ಹೋದೆ.

ಹೆಂಗಸರ ವಾರ್ಡು ತುಂಬಿ ತುಳುಕುತ್ತಿದೆ. ಮಲೇರಿಯಾ, ಡೆಂಗಿ, ಇಲಿಜ್ವರ. ಮಂಚಗಳು ನಲವತ್ತು. ಮಿಕ್ಕವರು ಮಂಚಗಳ ಸಂದಿಯಲ್ಲಿ, ನೆಲದ ಮೇಲೆ. ಅವರನ್ನು ದಾಟಿಕೊಂಡೇ ರೌಂಡ್ಸ್.

ಟ್ಯಾಬ್ ಬಂದು ಒಂದು ತಿಂಗಳಾಗಿರಬೇಕು. ವಾರ್ಡಿಗೊಂದು, ಡ್ಯೂಟಿಯಲ್ಲಿರುವವರ ಕೈಯಲ್ಲಿ. ಬೈಯಲು ಬಾಯಿ ತುರಿಸುತ್ತದೆ, ಆದರೆ ಬೈಯಲಾರೆ. ಮೊದಲು ಒಂದೊಂದು ರಿಪೋರ್ಟಿಗೂ ಲ್ಯಾಬಿಗೆ ಇಳಿದು, ಗುಮಾಸ್ತನ ಮುಂದೆ ಹಲ್ಲು ಗಿಂಜಬೇಕಿತ್ತು. ಈಗ ಬಂದ ಕೂಡಲೇ ಟಿಣ್ ಅನ್ನುತ್ತದೆ. ಅಪಾಯವಿದ್ದರೆ ಕೆಂಪು. ಒಂದೇ ಕಿರಿಕ್ಕು — ಬೆಡ್ ನಂಬರ್ ಕೊಡದೆ ರಕ್ತ ಕಳಿಸಲು ಬಿಡುವುದಿಲ್ಲ. ನಲವತ್ತಕ್ಕೆ ಅದರ ಲೆಕ್ಕ ಮುಗಿಯಿತು. ನೆಲದವರು ಅದರ ಪಾಲಿಗೆ ಇಲ್ಲವೇ ಇಲ್ಲ.

ದಾರಿ ತೋರಿಸಿದವರು ಪರಾಗ್ ಸರ್, ನಮ್ಮ ಮೇಲಿನ ರಿಜಿಸ್ಟ್ರಾರ್, ಸೀನಿಯರ್ ಡಾಕ್ಟರು.

“ಅಳ್ತಾ ಕೂತ್ಕೋಬೇಡ ಕೇತಕಿ. ಇವತ್ತು ಮನೆಗೆ ಹೊರಟಿರೋರ ಹೆಸರಲ್ಲಿ ಕಳಿಸು. ರಿಪೋರ್ಟ್ ಬಂದ್ಮೇಲೆ ಕಾಗದದಲ್ಲಿ ಸರಿಯಾದ ಹೆಸರಿಗೆ ಇಳಿಸ್ಕೊ. ಎಲ್ಲಾ ವಾರ್ಡಲ್ಲೂ ಹಿಂಗೇ ನಡೆಯೋದು.”

ನಡೆಯುತ್ತದೆ. ನಾನೂ ನಡೆಸುತ್ತಿದ್ದೇನೆ.

ಜುಲೈ 12

ಹೊಸ ಅಡ್ಮಿಶನ್. ವಾಸಂತಿ ಘಾಡಿ. ಬಂದರಿನಲ್ಲಿ ಮೀನು ಆರಿಸುವ ಕೆಲಸ, ದಿನವಿಡೀ ಕೊಳಕು ನೀರಿನಲ್ಲಿ ನಿಂತು. ಕಣ್ಣು ಅರಿಸಿನ. ಮೀನಖಂಡ ಮುಟ್ಟಿದರೆ ಚೀರುತ್ತಾಳೆ. ಮೂತ್ರ ಕಡಿಮೆ. ಇಲಿಜ್ವರವೇ, ಅನುಮಾನವಿಲ್ಲ. ಹನ್ನೆರಡು–ಹದಿಮೂರರ ನಡುವೆ ಚಾಪೆ ಹಾಸಿದೆವು.

ಬಾಯಿ ಮಾತ್ರ ಜ್ವರಕ್ಕೂ ಬಗ್ಗಿಲ್ಲ.

“ಏನೇ ಹುಡುಗಿ, ಆ ಸ್ಲೇಟಿನಂಥದ್ರಲ್ಲಿ ಎಲ್ರನ್ನೂ ಬರ್ಕೊಂಡೆ. ನನ್ನ ಎಲ್ಲಿ ಬರ್ದೆ?”

“ಕಾಗದದಲ್ಲಿ ಬರ್ದಿದೀನಿ ಮಾವಶಿ.”

“ಹೂಂ. ದೊಡ್ಡ ಮೀನು ಐಸಿಗೆ, ಸಣ್ಣ ಮೀನು ಬುಟ್ಟಿಗೆ. ನಮ್ ಬಂದರಿನ ನ್ಯಾಯನೇ ಇಲ್ಲೂ!”

ಮಗಳು ಹರ್ಷದಾ ತಲೆ ಚಚ್ಚಿಕೊಂಡಳು. “ಆಯೀ, ಡಾಕ್ಟ್ರ ಹತ್ರ ಹಂಗೆಲ್ಲಾ ಮಾತಾಡ್ಬಾರ್ದು.” ಹನ್ನೆರಡನೇ ಮಂಚದ ಸುಲಭಾ ಪೆಡ್ನೇಕರ್ ಬಿದ್ದು ಬಿದ್ದು ನಕ್ಕಳು. ಅವಳದು ಮಲೇರಿಯಾ, ವಾಸಿಯಾಗಿದೆ. ನಾಳೆ ಮನೆಗೆ.

ಜುಲೈ 13, ಮಧ್ಯಾಹ್ನ

ವಾಸಂತಿಗೆ ಬೆಳಿಗ್ಗೆಯಿಂದ ಮೂತ್ರವೇ ಇಲ್ಲ. ಕಿಡ್ನಿ ಕೈಕೊಡುತ್ತಿದೆ. ಪೊಟ್ಯಾಶಿಯಂ ಏರಿದರೆ ಎದೆ ನಿಲ್ಲುತ್ತದೆ. ಗೊತ್ತಾದರೆ ಮದ್ದಿದೆ, ಗೊತ್ತಾಗಬೇಕು ಅಷ್ಟೇ. ರಕ್ತ ತೆಗೆದು ಸುಲಭಾ ಹೆಸರಲ್ಲಿ ಕಳಿಸಿದೆ. ಸುಲಭಾ ಆಗಲೇ ಸೀರೆ ಉಟ್ಟು, ಗಂಟು ಕಟ್ಟಿಕೊಂಡು ಮಗನಿಗೆ ಕಾಯುತ್ತಿದ್ದಳು.

ಮರೆಯಬಾರದೆಂದು ಅಂಗೈಯಲ್ಲಿ ಬರೆದುಕೊಂಡೆ — ಸುಲಭಾ = ವಾಸಂತಿ.

ಈಗ ಸೆಮಿನಾರ್ ಹಾಲಿಗೆ ಹೋಗಬೇಕಂತೆ. ಟ್ಯಾಬ್ ಬಗ್ಗೆ ಮೀಟಿಂಗು, ಡ್ಯೂಟಿಯವರನ್ನು ಬಿಟ್ಟು ಮೊದಲ ವರ್ಷದವರೆಲ್ಲ ಬರಲೇಬೇಕು. ಡ್ಯೂಟಿ ನನ್ನ ಬ್ಯಾಚಿನ ಅನಿರುದ್ಧನದು. ಅವನಿಗೆ ಹೇಳಿ ಹೋಗಬೇಕು.

ಜುಲೈ 14

ಹೇಳಲಿಲ್ಲ.

ಅನಿರುದ್ಧ ಒಬ್ಬಳಿಗೆ ಡ್ರಿಪ್ ಹಾಕುತ್ತಿದ್ದ. ಬಾಗಿಲಲ್ಲಿ ಯಾರೋ “ಹಾಜರಿ ತಗೋತಿದಾರೆ, ಓಡು” ಅಂದರು. ಕೈ ತೊಳೆದು ಓಡಿದೆ. ಸೋಪು ಹಾಕಿ ತೊಳೆದೆ.

ಮೀಟಿಂಗಿನಲ್ಲಿ ಸಮೋಸಾ. ಕೊನೆಗೆ ಒಂದು ಪ್ರಶ್ನೆ — ತರಬೇತಿಯಲ್ಲಿರುವ ವೈದ್ಯರಿಗೆ ಟ್ಯಾಬ್ ಉಪಯುಕ್ತವೇ? ‘ತುಂಬಾ ಉಪಯುಕ್ತ’ಕ್ಕೆ ಗುರುತು ಹಾಕಿದೆ. ಕೈಯಲ್ಲಿ ಸಮೋಸಾದ ಎಣ್ಣೆ. ಅಂಗೈ ಸ್ವಚ್ಛ.

ವಾಪಸು ಬಂದಾಗ ವಾಸಂತಿಯ ಎದೆ ಒತ್ತುತ್ತಿದ್ದರು. ನೆಲದ ಮೇಲೆ ಮಂಡಿಯೂರಿ. ನಾನೂ ಒತ್ತಿದೆ. ಜೀವ ಮರಳಿ ಬರಲಿಲ್ಲ.

ಆಮೇಲೆ ಟ್ಯಾಬ್ ನೋಡಿದೆ. ಸುಲಭಾ ಪೆಡ್ನೇಕರ್, ಪೊಟ್ಯಾಶಿಯಂ 7.6, ಕೆಂಪು. ನಾವು ಸಮೋಸಾ ತಿನ್ನುತ್ತಿದ್ದಾಗಲೇ ಬಂದಿದೆ. ಕೆಳಗೆ ‘ನೋಡಲಾಗಿದೆ’ ಎಂಬ ಗುರುತು.

“ಬಂತು, ನೋಡ್ದೆ,” ಅಂದ ಅನಿರುದ್ಧ. “ಸುಲಭಾ ನಡ್ಕೊಂಡು ಮನೆಗೆ ಹೋದ್ಲಲ್ಲ, 7.6 ಇದ್ದೋಳು ನಡೀತಾಳಾ? ಮಷಿನ್ದು ತಲೆ ಕೆಟ್ಟಿದೆ ಅಂದ್ಕೊಂಡು ಒತ್ಬಿಟ್ಟೆ. ಯಾಕೆ?”

ಅವನನ್ನು ಅಲ್ಲೇ ಬಿಟ್ಟು ನಡೆದೆ. ಪರಾಗ್ ಸರ್‌ಗೆ ಹೇಳಿದೆ. ಅವರು ಗೋಡೆ ನೋಡಿದರು.

“ಇಲಿಜ್ವರ, ಕಿಡ್ನಿ ಹೋಗಿತ್ತು. ಹೆಂಗೂ ಉಳೀತಿರ್ಲಿಲ್ಲ. ಬಾಯ್ಮುಚ್ಕೊಂಡಿರು, ನಿನಗೂ ಒಳ್ಳೇದು, ನನಗೂ ಒಳ್ಳೇದು.”

ಉಳಿಯುತ್ತಿದ್ದಳು. ಅದು ಅವರಿಗೂ ಗೊತ್ತು.

ಹರ್ಷದಾ ಕೇಳಿದಳು, “ಮ್ಯಾಡಂ, ಮಧ್ಯಾಹ್ನ ರಕ್ತ ತಗೊಂಡ್ರಲ್ಲ… ಅದರಲ್ಲಿ ಏನ್ ಬಂತು?”

“ಅದು ಬರೋಷ್ಟರಲ್ಲಿ…” ಅಂದೆ. ಅಷ್ಟೇ ಅಂದೆ. ಉಳಿದ ಸುಳ್ಳನ್ನು ಅವಳೇ ಪೂರ್ತಿ ಮಾಡಿಕೊಂಡಳು. ನನ್ನ ಕೈ ಹಿಡಿದು “ನೀವು ತುಂಬಾ ಓಡಾಡಿದ್ರಿ” ಅಂದಳು.

ಜುಲೈ 17

ಡ್ಯೂಟಿ. ಊಟ ಸೇರಲಿಲ್ಲ.

ಜುಲೈ 22

ಓಪಿಡಿ. ತಾಂಬೋಳಿ ಮ್ಯಾಡಂ ನೋಡುತ್ತಿದ್ದರು. ನಮ್ಮ ಲೆಕ್ಚರರ್, ಮಾತು ಕಡಿಮೆ. ಪಕ್ಕದ ಮೇಜಿನಲ್ಲಿ ನಾನು, ಪರಾಗ್ ಸರ್. ಸಾಲಿನಲ್ಲಿ ಸುಲಭಾ ಪೆಡ್ನೇಕರ್! ಮರುತಪಾಸಣೆಗೆ. ವಾರ್ಡಿನವರಿಗೆಂದು ರಾಗಿ ಲಾಡು ಮಾಡಿ ತಂದಿದ್ದಾಳೆ. ಕೆನ್ನೆ ತುಂಬಿಕೊಂಡಿದೆ.

ಮ್ಯಾಡಂ ಟ್ಯಾಬಿನಲ್ಲಿ ಅವಳ ಹೆಸರು ಒತ್ತಿದರು. ಕೆಂಪು.

“7.6 ಇಟ್ಕೊಂಡು ಈಕೆನ ಮನೆಗೆ ಕಳಿಸಿದ್ಯಾರು?”

ಆಮೇಲೆ ನಡೆದದ್ದು… ಸ್ಟ್ರೆಚರ್ ಬಂತು. ಇಬ್ಬರು ಸಿಸ್ಟರುಗಳು ಬಂದರು. ಸುಲಭಾಳನ್ನು ಮಲಗಿಸಿ ಎದೆಗೆ ವೈರು ಅಂಟಿಸಿದರು, ಕೈಗೆ ಸೂಜಿ ಚುಚ್ಚಿದರು. ಕ್ಯಾಲ್ಶಿಯಂ ಸಿರಿಂಜಿನಲ್ಲಿ ತಯಾರು, ಪೊಟ್ಯಾಶಿಯಂ ಇಳಿಸಲು ಇನ್ಸುಲಿನ್ ಹಿಂದೆಯೇ. ಮೇಜಿನ ಮೇಲೆ ಮ್ಯಾಡಂ ಚಹಾ ಇನ್ನೂ ಹೊಗೆಯಾಡುತ್ತಿತ್ತು. ಇಷ್ಟು ಬೇಗ ಆಗುತ್ತದೆ ಇದೆಲ್ಲ. ಇಷ್ಟೇ ಬೇಕಿತ್ತು ವಾಸಂತಿಗೆ.

ಸುಲಭಾ ಅಳಲು ಶುರುಮಾಡಿದಳು. “ನಂಗೇನೂ ಆಗಿಲ್ಲಪ್ಪೋ, ಚೆನ್ನಾಗಿದೀನಿ. ಕೇತಕಿ ಮ್ಯಾಡಂ, ನೀವಾದ್ರೂ ಹೇಳ್ರೀ!”

ಪರಾಗ್ ಸರ್ ಮುಂದೆ ಬಂದರು. “ಮ್ಯಾಡಂ, ಇಸಿಜಿ ನಾರ್ಮಲ್ ಕಾಣ್ತಿದೆ. ಲ್ಯಾಬ್ ತಪ್ಪಿರ್ಬೇಕು. ಇನ್ನೊಂದ್ಸಲ ರಕ್ತ ಕಳಿಸೋಣ.” ಹೇಳುತ್ತಾ ನನ್ನತ್ತ ನೋಡಿದರು. ದಾರಿ ಸಿಕ್ಕಿತಲ್ಲ ಎನ್ನುವ ನೋಟ. ನಿಜವೇ. ನಾನು ಸುಮ್ಮನಿದ್ದರೆ ಸಾಕು. ಇನ್ನೊಂದು ರಿಪೋರ್ಟ್ ಸರಿಯಾಗಿ ಬರುತ್ತದೆ, ಬೈಗುಳ ಲ್ಯಾಬಿಗೆ, ಸುಲಭಾ ಲಾಡು ಹಂಚಿ ಮನೆಗೆ. ವಾಸಂತಿ ಎಲ್ಲೂ ಇರುವುದಿಲ್ಲ.

“ಲ್ಯಾಬ್ ತಪ್ಪಲ್ಲ ಮ್ಯಾಡಂ,” ಅಂದೆ. “ಆ ರಕ್ತ ಇವರದಲ್ಲ.”

“ಮತ್ಯಾರ್ದು?”

“ವಾಸಂತಿ ಘಾಡಿ. ನೆಲದ ಮೇಲಿದ್ರು, ಹನ್ನೆರಡು ಹದಿಮೂರರ ನಡುವೆ. ನಾನೇ ಕಳಿಸಿದ್ದು.”

“ಈಗ ಎಲ್ಲಿದಾರೆ?”

ಹೇಳಿದೆ. ಪರಾಗ್ ಸರ್ ಹೊರಗೆ ಹೋದರು. ಮ್ಯಾಡಂ ತಾವೇ ಸುಲಭಾಳ ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಡೀನ್ ಹತ್ರ ನಾಳೆ ಹೋಗೋಣ, ನಾನೂ ಬರ್ತೀನಿ. ಮೊದ್ಲು ಇದು ಹೇಳು — ಅವರ ಮನೆಯವ್ರಿಗೆ ಗೊತ್ತಾ?”

ಜುಲೈ 22, ಸಂಜೆ

ಬಂದರಿನ ಗೇಟಿನ ಎದುರು ಚಹಾ ಅಂಗಡಿಯಲ್ಲಿ ಕೂತಿದ್ದೇನೆ. ಹರ್ಷದಾ ಈಗ ಅಮ್ಮನ ಜಾಗದಲ್ಲೇ ಮೀನು ಆರಿಸುತ್ತಾಳಂತೆ. ಇನ್ನೇನು ಕೆಲಸ ಬಿಡುತ್ತದೆ. ಹೇಳಬೇಕಾದದ್ದನ್ನು ಬರೆದುಕೊಂಡರೆ ನಾಲಿಗೆ ತಡವರಿಸಲಾರದು. ಈ ಸಲ ಅಂಗೈಯಲ್ಲಿ ಅಲ್ಲ.

ಹರ್ಷದಾ, ರಿಪೋರ್ಟ್ ಬಂದಿತ್ತು. ಅದು ಬಂದಾಗ ನಿನ್ನ ಆಯಿ ಇನ್ನೂ ಉಸಿರಾಡುತ್ತಿ—