ಒಡೆಟ್ ಅತ್ತೆಯ ಗಿಡಗಳ ಮೇಲೆ ಓಡಿದ ಸಿನಿಮಾ

ಸೇಂಟ್ ಕ್ಲೋಟಿಲ್ಡ್, ಮೇನ್
ಫೆಬ್ರವರಿ 8, 2004, ಭಾನುವಾರ

ಪ್ರೀತಿಯ ತಂಗಿ ಜಾನೀನ್‌ಗೆ,

ನಿನಗೆ, ಮಗಳಿಗೆ, ಹೊಸದಾಗಿ ಬಂದ ಆ ಪುಟ್ಟ ಸಾಹೇಬರಿಗೆ ನಿನ್ನ ಅಣ್ಣನ ಆಶೀರ್ವಾದ. ಮೊಮ್ಮಗ ಹುಟ್ಟಿದ ಸುದ್ದಿಗೆ ಎರಡು ಸಾಲು ಬರೆಯಲು ಈ ಮುದುಕನಿಗೆ ಒಂದು ತಿಂಗಳು ಬೇಕಾಯಿತೇ ಎಂದು ಬೈದುಕೊಂಡಿರುತ್ತೀ. ಬೈಯಿ, ತಪ್ಪು ನನ್ನದೇ. ಫೋನು ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಾನು ಕೂಗಾಡುತ್ತೇನೆ, ನೀನು ಅಳುತ್ತೀ, ಮಗು ಎದ್ದುಬಿಡುತ್ತದೆ. ಕಾಗದದ ಮೇಲಾದರೆ ನಾನು ಸ್ವಲ್ಪ ಮರ್ಯಾದಸ್ಥ.

ಇಲ್ಲಿ ಈ ಸಲದ ಚಳಿಗೆ ಮೂಗೇ ಉದುರಿ ಬೀಳುವಂತಿದೆ. ನದಿ ಆ ದಡದ ಕೆನಡಾವರೆಗೂ ಗಟ್ಟಿಯಾಗಿದೆ. ನೀನು ಮಗಳ ಮನೆಯಲ್ಲಿದ್ದೀಯಲ್ಲ, ಇಲ್ಲಿ ನಿಮ್ಮ ಮನೆಯ ಮಾಡಿನ ಮೇಲಿನ ಹಿಮವನ್ನು ನಿನ್ನೆ ನಾನೇ ಹತ್ತಿ ಕೆರೆದು ಹಾಕಿದೆ. ನಿನ್ನ ಗಂಡನಿಗೆ ಬೆನ್ನು ನೋವಂತೆ. ಅವನು ಒಳಗಿದ್ದ, ಕಿಟಕಿಯ ಪರದೆ ಅಲ್ಲಾಡಿದ್ದು ಕಂಡಿತು, ಹೊರಗೆ ಬರಲಿಲ್ಲ. ನಾನೂ ಬಾಗಿಲು ತಟ್ಟಲಿಲ್ಲ. ನಿನ್ನ ಬೆಕ್ಕು ಮಾತ್ರ ಏಣಿಯ ಬುಡದಲ್ಲಿ ಕೂತು ಮೇಲ್ವಿಚಾರಣೆ ಮಾಡಿತು.

ಸಿನಿಮಾದ ಗಲಾಟೆ ನಿನ್ನ ಕಿವಿಗೂ ಬಿದ್ದಿರಬೇಕು. ನನ್ನ ಬಾಯಿಂದಲೂ ಒಮ್ಮೆ ಕೇಳು.

ಎರಡು ಚಳಿಗಾಲ ಆ ಕ್ಯಾಮೆರಾವನ್ನು ಕೋಟಿನೊಳಗೆ ಕೋಳಿಮರಿಯ ಹಾಗೆ ಬೆಚ್ಚಗಿಟ್ಟುಕೊಂಡು ತಿರುಗಿದ್ದು ನಿನಗೆ ಗೊತ್ತು. ಹಿಮದ ಮೇಲೆ ಓಡುವ ನಮ್ಮ ಕ್ಲಬ್ಬಿನ ಸ್ನೋಮೊಬೈಲ್ ಗಾಡಿಗಳು, ನಮ್ಮ ಹುಡುಗರು, ನಮ್ಮ ದಾರಿ. ನಾನೇನು ದೊಡ್ಡ ನಿರ್ದೇಶಕ ಎಂದುಕೊಂಡವನಲ್ಲ. ಮೊದಲ ಸಲ ಕ್ಲಬ್ಬಿನವರಿಗಷ್ಟೇ ತೋರಿಸಿದಾಗ ಬಿದ್ದು ಬಿದ್ದು ನಕ್ಕರು. ನನ್ನ ಕೈಬೆರಳು ಮೂಲೆಯಲ್ಲಿ ಬಂದು ಬಂದು ಹೋಗುತ್ತಿತ್ತಲ್ಲ, ಅದಕ್ಕೆ ನಾರ್ಮಾಂಡ್ ಎದ್ದು ನಿಂತು, "ಲೂಸಿಯನ್, ಈ ಸಿನಿಮಾದಲ್ಲಿ ಹೀರೋ ಯಾರಪ್ಪಾ, ನಿನ್ನ ಹೆಬ್ಬೆರಳಾ?" ಎಂದ. ನಾರ್ಮಾಂಡ್ ಗೊತ್ತಲ್ಲ, ದಾರಿ ಸಮ ಮಾಡುವ ಯಂತ್ರವನ್ನು ನನ್ನ ಜೊತೆ ಪಾಳಿಯಲ್ಲಿ ಓಡಿಸುವವನು. "ಹೌದು, ನಿನ್ನ ಮುಖಕ್ಕಿಂತ ಅದೇ ಚೆನ್ನಾಗಿ ಬಂದಿದೆ" ಎಂದೆ. ಒಬ್ಬ ಹುಡುಗ ಒಂದು ತುಣುಕನ್ನು ಇಂಟರ್‌ನೆಟ್ಟಿಗೆ ಹಾಕಿದ. ಅಲ್ಲಿ ಯಾರೋ ಕ್ಯಾಮೆರಾ ಹಿಡಿದವನಿಗೆ ಬಿಕ್ಕಳಿಕೆ ಬಂದಿತ್ತಾ ಎಂದು ಕೇಳಿದ್ದ. ಇನ್ನೊಬ್ಬ, ಅರ್ಧ ಸಿನಿಮಾ ಬರೀ ಹೆಲ್ಮೆಟ್ಟಿನ ಬೆನ್ನು ಎಂದು ಬರೆದಿದ್ದ. ಹಿನ್ನೆಲೆಗೆ ಹಾಕಿದ ಅಕಾರ್ಡಿಯನ್ ವಾದ್ಯದ ಸದ್ದಿಗೆ ತಲೆನೋವು ಬಂತೆಂದು ಮತ್ತೊಬ್ಬನ ದೂರು. ಒಂದು ರಾತ್ರಿ ಉರಿದುಕೊಂಡೆ. ಬೆಳಿಗ್ಗೆ ಕೂತು ಮತ್ತೆ ನೋಡಿದರೆ ಅವರು ಹೇಳಿದ್ದೆಲ್ಲ ಸರಿಯೇ! ಹೆಲ್ಮೆಟ್ಟುಗಳನ್ನು ಕತ್ತರಿಸಿದೆ, ಅಕಾರ್ಡಿಯನ್ನನ್ನು ತಗ್ಗಿಸಿದೆ. ಟೀಕೆ ನನಗೆ ಆಗದ ವಸ್ತು ಎಂದು ಯಾರಾದರೂ ನಿನಗೆ ಹೇಳಿದರೆ ನಂಬಬೇಡ.

ಆಮೇಲೆ ನಿನ್ನ ಗಂಡ ರೆನಾಲ್ಡ್‌ಗೆ ಬುದ್ಧಿ ಬಂತು. ಬುದ್ಧಿ ಎಂದರೆ ಕ್ಲಬ್ಬಿನ ಅಧ್ಯಕ್ಷನ ಬುದ್ಧಿ. ಜನವರಿಯಲ್ಲಿ ಜಮೀನಿನವರಿಗೆ ಊಟ ಹಾಕುತ್ತೇವಲ್ಲ, ಅಲ್ಲಿ ತೋರಿಸೋಣ ಎಂದ. "ಅವರ ಹೊಲ ಪರದೆ ಮೇಲೆ ಬಂದ್ರೆ ಅವರಿಗೂ ಖುಷಿ, ಮುಂದಿನ ವರ್ಷ ಕೇಳೋಕೆ ಹೋದಾಗ ಯಾರೂ ಮುಖ ತಿರುಗಿಸಲ್ಲ" ಎಂದ. ನನಗೂ ಸರಿ ಎನಿಸಿತು. ನಮ್ಮ ದಾರಿ ಇರುವುದೇ ಅವರ ಹೊಲಗಳ ಮೇಲೆ. ಕಾಗದವಿಲ್ಲ, ಬಾಡಿಗೆಯಿಲ್ಲ. ಅಧ್ಯಕ್ಷನಾದವನು ಆಲೂಗಡ್ಡೆ ಕೊಯ್ಲು ಮುಗಿದ ಮೇಲೆ ಮನೆಮನೆಗೆ ಹೋಗಿ, ಅಡುಗೆಮನೆಯಲ್ಲಿ ಕೂತು, ಕಾಫಿ ಕುಡಿದು ಕೇಳಬೇಕು. ಅವರು ಹೂಂ ಎಂದರೆ ದಾರಿ, ಉಹೂಂ ಎಂದರೆ ದಾರಿಗೆ ಅಡ್ಡ ಸರಪಳಿ.

ಊಟಕ್ಕೆ ಎಲ್ಲರೂ ಬಂದಿದ್ದರು. ಕೋಳಿ ಸಾರು, ಬಕ್‌ವೀಟ್ ದೋಸೆ, ಎರಡು ಬಗೆಯ ಪೈ. ಒಡೆಟ್ ಅತ್ತೆ ಮುಂದಿನ ಸಾಲಿನಲ್ಲೇ ಕೂತಿದ್ದರು, ಕನ್ನಡಕ ಒರೆಸಿಕೊಂಡು ಸಿದ್ಧವಾಗಿ. ಅರ್ಧದವರೆಗೆ ಎಲ್ಲವೂ ಚೆನ್ನಾಗಿತ್ತು. "ನೋಡು, ನಮ್ಮ ಕೊಟ್ಟಿಗೆ!" "ಅಯ್ಯೋ, ನಮ್ಮ ನಾಯಿ!" ಎಂದು ಮಕ್ಕಳ ಹಾಗೆ ಕೂಗುತ್ತಿದ್ದರು. ಆಮೇಲೆ ನನ್ನ ಅತ್ಯಂತ ಒಳ್ಳೆಯ ದೃಶ್ಯ ಬಂತು. ಇಳಿಜಾರಿನ ಮೇಲಿಂದ ಗಾಡಿಗಳು ಸಾಲಾಗಿ ಹಾರಿ ಬರುವುದು, ಹಿಮದ ಪುಡಿ ಬೆಳಕಿನಲ್ಲಿ ಎದ್ದು ನಿಲ್ಲುವುದು. ಇಡೀ ಸಭಾಂಗಣ ಓಹೋ ಎಂದಿತು. ಒಡೆಟ್ ಅತ್ತೆ ಎದ್ದು ನಿಂತರು.

"ನಿಲ್ಸು ಅದನ್ನ," ಎಂದರು. ನಾನು ನಿಲ್ಲಿಸಿದೆ. ಪರದೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು. "ಇವು ಏನು ಅಂದ್ಕೊಂಡಿದ್ದೀರಾ ನೀವು, ಕಳೆನಾ? ಇವು ನನ್ನ ಕ್ರಿಸ್‌ಮಸ್ ಗಿಡಗಳು. ಹಿಮದ ಮೇಲೆ ತುದಿ ಮಾತ್ರ ಕಾಣ್ತಿದೆ. ಆ ತುದಿ ಮುರಿದರೆ ಮರ ಎರಡು ತಲೆ ಬಿಡುತ್ತೆ, ಅದನ್ನ ಯಾರೂ ಮನೆಯೊಳಗೆ ತಗೊಂಡು ಹೋಗಲ್ಲ. ಬೇಸಿಗೆ ಎಲ್ಲಾ ನಾನು ಮೂಸ್ ತಿಂದ್ಹೋಯ್ತು ಅಂತ ಆ ಪಾಪದ ಪ್ರಾಣಿನ ಬೈದೆ. ಮೂಸ್‌ಗಳಿಗೆ ಹೆಲ್ಮೆಟ್ ಇತ್ತು ಅಂತ ಈಗ ಗೊತ್ತಾಯ್ತು."

ಅವರು ಕೋಟು ಹಾಕಿಕೊಂಡು ಹೊರಟರು. ಮರುದಿನ ಅವರ ಹೊಲದ ಎರಡೂ ತುದಿಗೆ ಸರಪಳಿ ಬಿತ್ತು. ಅವರ ಹೊಲ ನಡುವೆ ಬರುವುದರಿಂದ ನಮ್ಮ ದಾರಿ ಎರಡು ತುಂಡಾಯಿತು.

ಈಗ ಆ ದೃಶ್ಯ ತೆಗೆದ ದಿನದ ಮಾತು. ಕಳೆದ ಮಾರ್ಚ್ ತಿಂಗಳು, ಬಿಸಿಲಿತ್ತು. ಹುಡುಗರೆಲ್ಲ ಮೇಲೆ ಎಂಜಿನ್ ಚಾಲೂ ಮಾಡಿಕೊಂಡು ಕಾಯುತ್ತಿದ್ದರು. ಕೆಳಗೆ ಕ್ಯಾಮೆರಾದ ಹತ್ತಿರ ನಾನು, ರೆನಾಲ್ಡ್, ಮತ್ತು ಕೆಂಪು ಟೋಪಿ ಹಾಕಿಕೊಂಡು ಕಾಫಿ ಫ್ಲಾಸ್ಕ್ ಹಿಡಿದ ನೀನು. ದಾರಿ ಬಿಟ್ಟು ಇಳಿಯಬೇಕಲ್ಲ, ಅತ್ತೆಯನ್ನು ಕೇಳಿದ್ದೀಯಾ ಎಂದು ನಾನು ರೆನಾಲ್ಡ್‌ನನ್ನು ಕೇಳಿದೆ. ಒಂದಲ್ಲ, ಎರಡು ಸಲ. ಅವನು ಕಾಫಿ ಕುಡಿಯುತ್ತಾ, "ಕೇಳಿದೀನೋ ಮಾರಾಯ, ಹೂಂ ಅಂದಿದ್ದಾರೆ. ಸೂರ್ಯ ಮುಳುಗೋ ಮುಂಚೆ ತೆಗಿ" ಎಂದ. ಕೇಳುವ ಕೆಲಸ ಅಧ್ಯಕ್ಷನದು. ಅಧ್ಯಕ್ಷ ಕೇಳಿದ್ದೇನೆ ಎಂದ ಮೇಲೆ ಇನ್ನೊಬ್ಬ ಹೋಗಿ ಕೇಳುವುದು ನಮ್ಮಲ್ಲಿ ಅವಮಾನ. ನೀನೇ ನಕ್ಕು, "ಅಣ್ಣ, ಎಷ್ಟು ಸಲ ಕೇಳ್ತೀಯೋ" ಎಂದೆ. ಟೇಪಿನಲ್ಲಿ ಎಂಜಿನ್ನಿನ ಗದ್ದಲ ಬಿಟ್ಟರೆ ಏನೂ ಇಲ್ಲ, ನೂರು ಸಲ ಕೇಳಿ ನೋಡಿದ್ದೇನೆ. ಇದನ್ನೆಲ್ಲ ನಿನಗೆ ಯಾಕೆ ಹೇಳುತ್ತಿದ್ದೇನೋ, ನೀನು ಅಲ್ಲೇ ಇದ್ದೆ.

ಸರಪಳಿ ಬಿದ್ದ ದಿನವೇ ನಾನು ಒಡೆಟ್ ಅತ್ತೆಯ ಮನೆಗೆ ಹೋದೆ. ಒಳಗೆ ಕರೆದು ಕುರ್ಚಿ ತೋರಿಸಿದರು, ಕಾಫಿ ಕೊಡಲಿಲ್ಲ. "ಅಲ್ಲಿ ಗಿಡ ಇರೋದು ಗೊತ್ತಿತ್ತಾ?" ಎಂದರು. ಒಣ ಹುಲ್ಲಿನ ತುದಿ ಎಂದುಕೊಂಡಿದ್ದೆ ಎಂದೆ. "ದಾರಿ ಬಿಟ್ಟು ಇಳೀರಿ ಅಂತ ನಿಮಗೆ ಯಾರು ಹೇಳಿದ್ದು?" ಎಂದರು. ಜಾನೀನ್, ಆ ಕ್ಷಣ ನನ್ನ ನಾಲಿಗೆಯ ತುದಿಯಲ್ಲಿ ನಿನ್ನ ಗಂಡನ ಹೆಸರಿತ್ತು. ಭಾನುವಾರ ಚರ್ಚಿನಲ್ಲಿ ನೀನು ಅವರ ಪಕ್ಕದಲ್ಲೇ ಕೂರುವವಳು. ನುಂಗಿಕೊಂಡೆ. ಯಾರೂ ಇಲ್ಲ ಅತ್ತೆ, ಕ್ಯಾಮೆರಾ ನನ್ನದು, ತಪ್ಪೂ ನನ್ನದು ಎಂದೆ. "ನಿನ್ನ ಸಿನಿಮಾ ಚೆನ್ನಾಗಿದೆ ಲೂಸಿಯನ್. ಅದಕ್ಕೇ ನನಗೆ ಇಷ್ಟು ಸಿಟ್ಟು" ಎಂದರು. ನನಗೆ ಸಿಕ್ಕ ವಿಮರ್ಶೆಯಲ್ಲಿ ಅದೊಂದೇ ನೆನಪಿಡುವಂಥದ್ದು.

ನನ್ನ ಲೆಕ್ಕ ಹೀಗಿತ್ತು: ನಾನು ಹೊತ್ತುಕೊಂಡರೆ ರೆನಾಲ್ಡ್ ಒಂದೆರಡು ದಿನ ಬಿಟ್ಟು ಅವರ ಮನೆಗೆ ಹೋಗಿ ನಿಜ ಹೇಳುತ್ತಾನೆ, ಅಥವಾ ಕಡೇಪಕ್ಷ ಕ್ಲಬ್ಬಿನಲ್ಲಿ ನನ್ನ ಪರ ಒಂದು ಮಾತಾಡುತ್ತಾನೆ. ಎಂಥ ಲೆಕ್ಕ! ಕಳೆದ ಗುರುವಾರ ಸಭೆ ಸೇರಿತು. ನನ್ನನ್ನು ಕರೆದಿರಲಿಲ್ಲ. ಸಭೆ ಮುಗಿದ ಮೇಲೆ ನಾರ್ಮಾಂಡ್ ಮನೆಗೆ ಬಂದು, ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತ. ರೆನಾಲ್ಡ್ ಎದ್ದು ಹೀಗೆ ಹೇಳಿದನಂತೆ: "ನಾನು ಬೇಡ ಬೇಡ ಅಂತ ಬಡ್ಕೊಂಡೆ. ಆದರೆ ನಮ್ಮ ಭಾವನಿಗೆ ಸಿನಿಮಾ ಹುಚ್ಚು ನೆತ್ತಿಗೇರಿತ್ತು. ನಮ್ಮ ಮನೆಯವನೇ ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ."

ಬಾಯಿ ಮುಚ್ಚಿಕೊಂಡಿದ್ದನಂತೆ! ನಾನು ಮುಚ್ಚಿಕೊಂಡ ಬಾಯಿಯನ್ನೂ ಅವನೇ ಕದ್ದುಬಿಟ್ಟ. ನಾನು ಅತ್ತೆಯ ಮುಂದೆ ಒಪ್ಪಿಕೊಂಡದ್ದನ್ನೇ ಸಾಕ್ಷಿಯಾಗಿ ತೋರಿಸಿದನಂತೆ.

ಇನ್ನು ಮೇಲೆ ದಾರಿಯ ಯಂತ್ರ ನಾನು ಓಡಿಸಬಾರದು ಎಂದು ತೀರ್ಮಾನವಾಯಿತು. ನಾರ್ಮಾಂಡ್ ಕೀಲಿ ತೆಗೆದುಕೊಂಡು ಹೋಗಲು ಬಂದಿದ್ದ. "ನಾನು ಬೇಡ ಅಂದೆ ಲೂಸಿಯನ್, ಆದ್ರೆ ಎಲ್ಲರೂ ಕೈ ಎತ್ತಿಬಿಟ್ರು" ಎಂದ. ಕೊಟ್ಟೆ. ನಿನಗೆ ಗೊತ್ತು, ನಿನ್ನ ಅತ್ತಿಗೆ ಮಾರಿಯಾ ತೀರಿಹೋದ ಮೇಲೆ ನನಗೆ ರಾತ್ರಿ ಮನೆಯಲ್ಲಿ ಇರಲು ಆಗುತ್ತಿರಲಿಲ್ಲ. ಆ ಯಂತ್ರ ನನ್ನನ್ನು ಉಳಿಸಿತು. ಊರೆಲ್ಲ ಮಲಗಿರುವಾಗ ಅವರ ನಾಳೆಯ ದಾರಿಯನ್ನು ಹಾಸಿಗೆಯ ಹಾಗೆ ಹಾಸುತ್ತಾ ಹೋಗುವುದು, ಬೆಳಕು ಹರಿಯುವ ಹೊತ್ತಿಗೆ ಮನೆಗೆ ಬಂದು ನಿದ್ದೆ ಹೋಗುವುದು. ಈಗ ನಾರ್ಮಾಂಡ್ ಒಬ್ಬನೇ ಓಡಿಸುತ್ತಾನೆ. ಅದು ನಮ್ಮ ಮನೆಯ ಹಿಂದೆ ಹಾದು ಹೋಗುವಾಗ ನಾನು ದೀಪ ಆರಿಸಿ ಕೂರುತ್ತೇನೆ. ನನಗೆ ತುಂಬಾ ದುಃಖವಾಗಿದೆ ಜಾನೀನ್, ಸುತ್ತಿ ಬಳಸಿ ಹೇಳಲು ಏನಿದೆ.

ಸಿನಿಮಾವನ್ನು ಸುಟ್ಟುಹಾಕು ಎಂದವರಿದ್ದಾರೆ. ಸುಡುವುದಿಲ್ಲ. ಆ ದೃಶ್ಯವನ್ನು ಮಾತ್ರ ತೆಗೆದಿದ್ದೇನೆ. ಹಿಮ ಕರಗಿದ ಮೇಲೆ ಅತ್ತೆಯ ತೋಟಕ್ಕೆ ಹೋಗಿ, ಎರಡು ತಲೆ ಬಿಟ್ಟ ಗಿಡಗಳಿಗೆ ಒಂದು ತಲೆ ಉಳಿಸಿ ಇನ್ನೊಂದನ್ನು ಕತ್ತರಿಸಿ, ಕೋಲು ಕಟ್ಟಿ ನೇರ ಮಾಡಿ ಕೊಡುತ್ತೇನೆ ಎಂದು ಕೇಳಿಕೊಂಡಿದ್ದೇನೆ. "ಬಾ, ಆದ್ರೆ ಕ್ಯಾಮೆರಾ ಮನೇಲಿಟ್ಟು ಬಾ" ಎಂದಿದ್ದಾರೆ. ಯಾವ ಗಿಡ ಉಳಿಯುತ್ತದೋ ನೋಡಬೇಕು.

ಮಗಳಿಗೆ ಚೆನ್ನಾಗಿ ತಿನ್ನಲು ಹೇಳು. ಮಗುವಿಗೆ ಅಜ್ಜಿಯ ಮೂಗು ಬಂದಿದೆ ಎಂದು ಕೇಳಿದೆ, ಪಾಪ, ದೊಡ್ಡವನಾದ ಮೇಲೆ ಸರಿಹೋದೀತು. ಅವನಿಗೆ ಒಳ್ಳೆಯ ಆರೋಗ್ಯ, ಒಳ್ಳೆಯ ನಿದ್ದೆ, ಕೊಟ್ಟ ಮಾತಿಗೆ ನಿಲ್ಲುವ ಜನ ಸಿಗಲಿ. ನಿನ್ನ ಕೀಲುನೋವಿಗೆ ಅಲ್ಲಿಯ ಹವೆ ಒಳ್ಳೆಯದಾದರೆ ಇನ್ನಷ್ಟು ದಿನ ಇದ್ದು ಬಾ. ನಿಮ್ಮ ಮಾಡಿನ ಹಿಮವನ್ನು ನಾನು ನೋಡಿಕೊಳ್ಳುತ್ತೇನೆ.

ಎಂದಿಗೂ ನಿನ್ನವನೇ ಆದ
ಅಣ್ಣ ಲೂಸಿಯನ್

ಮರೆತ ಮಾತು: ಇಷ್ಟು ಬರೆದು ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಸಭೆಯ ಸುದ್ದಿ ನಾರ್ಮಾಂಡ್‌ನಿಂದ ತಿಳಿಯಿತು ಎಂಬಂತೆ ಮೇಲೆ ಬರೆದಿದ್ದೇನೆ. ಅವನು ಬಂದದ್ದು ನಿಜ, ಹೇಳಿದ್ದೂ ನಿಜ. ಆದರೆ ಒಳ್ಳೆಯ ಮನುಷ್ಯ, ಒಂದು ವಿಷಯವನ್ನು ನನ್ನಿಂದ ಮುಚ್ಚಿಟ್ಟ. ಅದು ನನಗೆ ಮೊದಲೇ ಗೊತ್ತಿತ್ತು ಎಂದು ಅವನಿಗೆ ಗೊತ್ತಿಲ್ಲ. ಆ ಸಂಜೆ ಅಮ್ಮನ ದೊಡ್ಡ ಸಾರಿನ ಪಾತ್ರೆಯನ್ನು ವಾಪಸು ತರಲು ನಾನು ಕ್ಲಬ್ಬಿನ ಹಿಂಬಾಗಿಲಿನಿಂದ ಅಡುಗೆಮನೆಗೆ ಹೋಗಿದ್ದೆ. ಅಲ್ಲಿಗೆ ಎಲ್ಲವೂ ಕೇಳಿಸುತ್ತದೆ. ರೆನಾಲ್ಡ್ ಮಾತು ಮುಗಿಸಿದಾಗ ಯಾರೂ ಪೂರ್ತಿ ನಂಬಿರಲಿಲ್ಲ. ಯಾರೋ, "ಜಾನೀನ್ ಅಲ್ಲಿದ್ಲಲ್ಲ, ಅವಳನ್ನ ಕೇಳೋಣ, ಅವಳು ಸುಳ್ಳು ಹೇಳಲ್ಲ" ಎಂದರು. ನಿನಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. ನನ್ನ ಎದೆ ಹಗುರವಾಯಿತು. ಸರಿ, ಮುಗಿಯಿತು, ತಂಗಿ ಹೇಳುತ್ತಾಳೆ ಎಂದುಕೊಂಡೆ. ನಿನ್ನ ಗಂಡ ಪ್ರಶ್ನೆ ಕೇಳಿದ. ನೀನು ಮೊದಲು, "ಅಣ್ಣ ಅಲ್ಲಿದ್ದಾನಾ?" ಎಂದೆ. ಇಲ್ಲ ಎಂದ ಅವನು. ಆಗ ನೀನು, "ರೆನಾಲ್ಡ್ ಬೇಡ ಅಂದ್ರು. ಅಣ್ಣ ಕೇಳಲಿಲ್ಲ" ಎಂದೆ.

ನಾನು ಇದ್ದೆ ಜಾನೀನ್. ಗೋಡೆಯ ಈಚೆ ಇದ್ದೆ.